ವಾಸನೆಯಿಲ್ಲದ ಸರಕು: ಪರ್ಫ್ಯೂಮಿನೊಳಗಿನ ದ್ರಾವಕಗಳು ಬದಲಾದ ಬಗೆ

ಪರ್ಫ್ಯೂಮಿನಲ್ಲಿ ಬಹುಪಾಲು ಆಲ್ಕೋಹಾಲ್ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆಲ್ಕೋಹಾಲಿಗೆ ಬೆರೆಸುವ ಮೊದಲಿನ ಗಟ್ಟಿ ಮಿಶ್ರಣ, ಅಂದರೆ ಕಾನ್ಸಂಟ್ರೇಟ್, ಪೂರ್ತಿ ಸುಗಂಧವೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಅದರೊಳಗೂ ವಾಸನೆಯೇ ಇಲ್ಲದ ಒಂದೆರಡು ದ್ರವಗಳಿರುತ್ತವೆ, ಉಳಿದದ್ದನ್ನು ಕರಗಿಸಿ ಹೊರುವ ದ್ರಾವಕಗಳು. ಡೈಈಥೈಲ್ ಥ್ಯಾಲೇಟ್ (ಡಿಇಪಿ), ಡೈಪ್ರೊಪಿಲೀನ್ ಗ್ಲೈಕಾಲ್ (ಡಿಪಿಜಿ), ಐಸೊಪ್ರೊಪೈಲ್ ಮಿರಿಸ್ಟೇಟ್ (ಐಪಿಎಂ), ಟ್ರೈಈಥೈಲ್ ಸಿಟ್ರೇಟ್ (ಟಿಇಸಿ), ಬೆಂಜೈಲ್ ಬೆಂಜೊಯೇಟ್. ಇವುಗಳಲ್ಲಿ ಡಿಇಪಿ ದಶಕಗಳ ಕಾಲ ಮುಂಚೂಣಿಯಲ್ಲಿತ್ತು. ಅದು ಹಿಂದೆ ಸರಿದಾಗ ಅದರ ಜಾಗಕ್ಕೆ ಒಂದೇ ದ್ರಾವಕ ಬರಲಿಲ್ಲ. ನಾಲ್ಕೈದು ಬಂದವು, ಒಂದೊಂದೂ ಅರ್ಧಂಬರ್ಧ ಕೆಲಸ ಮಾಡುವಂಥವು. ಇಂದಿನ ಬಹಳಷ್ಟು ಕಿರಿಕಿರಿಯ ಮೂಲ ಅಲ್ಲಿದೆ.

ಹಳೆಯ ಕಾಲದ ಸುಗಂಧಕ್ಕೆ ಈ ತೊಂದರೆ ಇರಲಿಲ್ಲ. ಫ್ರಾನ್ಸಿನ ಗ್ರಾಸ್‌ನವರು ಹೂವಿನ ಪರಿಮಳವನ್ನು ಕೊಬ್ಬಿಗೆ ಹಿಡಿಸುತ್ತಿದ್ದರು, ಉತ್ತರ ಪ್ರದೇಶದ ಕನೌಜ್‌ನವರು ಶ್ರೀಗಂಧದ ಎಣ್ಣೆಗೆ. ತೊಂದರೆ ಶುರುವಾದದ್ದು ಪ್ರಯೋಗಾಲಯದಲ್ಲಿ ತಯಾರಾದ ಸುಗಂಧದ ಹರಳುಗಳಿಂದ. 1868ರಲ್ಲಿ ರಸಾಯನಶಾಸ್ತ್ರಜ್ಞ ಪರ್ಕಿನ್ ಕೂಮರಿನ್ ತಯಾರಿಸಿದರು, 1874ರಲ್ಲಿ ಟೀಮನ್ ಮತ್ತು ಹಾರ್ಮನ್ ವೆನಿಲಿನ್ ಮಾಡಿದರು, 1888ರಲ್ಲಿ ಆಲ್ಬರ್ಟ್ ಬೌರ್ ಅವರಿಂದ ಮೊದಲ ನೈಟ್ರೊ ಕಸ್ತೂರಿ, ಅಂದರೆ ಕಸ್ತೂರಿಯ ವಾಸನೆಯ ಕೃತಕ ರಾಸಾಯನಿಕ, ಬಂತು. ಎಲ್ಲವೂ ಘನವಸ್ತುಗಳೇ. ಅದರಲ್ಲೂ ನೈಟ್ರೊ ಕಸ್ತೂರಿಗಳು ಆಲ್ಕೋಹಾಲಿನಲ್ಲಿ ಸರಿಯಾಗಿ ಕರಗುವುದಿಲ್ಲ. ಬಿಸಿಮಾಡಿ ಕರಗಿಸಿದರೂ ತಣಿದ ಮೇಲೆ ಮತ್ತೆ ಹರಳಾಗಿ ತಳಕ್ಕೆ ಕೂರುತ್ತವೆ. ಇವುಗಳನ್ನು ಹೊತ್ತು ನಿಲ್ಲಲು ವಾಸನೆಯಿಲ್ಲದ, ಬೇಗ ಆರದ, ಅಗ್ಗದ ಎಸ್ಟರ್ (ಆಮ್ಲ ಮತ್ತು ಆಲ್ಕೋಹಾಲ್ ಕೂಡಿ ಆಗುವ ಸಂಯುಕ್ತ) ಒಂದು ಬೇಕಾಗಿತ್ತು.

ಮೊದಲ ಮಹಾಯುದ್ಧದ ಹೊತ್ತಿಗೆ ನ್ಯಾಫ್ತಲೀನನ್ನು ಗಾಳಿಯಲ್ಲಿ ಆಕ್ಸಿಡೀಕರಿಸಿ ಥ್ಯಾಲಿಕ್ ಅನ್‌ಹೈಡ್ರೈಡ್ ಮಾಡುವ ವಿಧಾನ ಕೈಗೆ ಬಂತು. ಅದಕ್ಕೆ ಎಥೆನಾಲ್ ಸೇರಿಸಿದರೆ ಡಿಇಪಿ. ಕುದಿಬಿಂದು 295 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಸಾಂದ್ರತೆ 1.12, ಬಣ್ಣವಿಲ್ಲ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಹರಳು, ಅಂಟು, ತೈಲ ಎಲ್ಲವನ್ನೂ ಕರಗಿಸುತ್ತದೆ, ತಾನು ಆಲ್ಕೋಹಾಲಿನಲ್ಲಿ ತಕರಾರಿಲ್ಲದೆ ಬೆರೆಯುತ್ತದೆ. ಸುಗಂಧದಲ್ಲಿ ಅದು ಇನ್ನೊಂದು ಬಾಗಿಲಿನಿಂದಲೂ ಒಳಗೆ ಬಂತು. ಕುಡಿಯಲಾಗದಂತೆ ಕೆಡಿಸಿದ ಆಲ್ಕೋಹಾಲಿಗೆ ಅಬಕಾರಿ ತೆರಿಗೆಯಿಲ್ಲ. ಅಮೆರಿಕದ 39-ಸಿ ಸೂತ್ರದ ಪ್ರಕಾರ 100 ಗ್ಯಾಲನ್ ಆಲ್ಕೋಹಾಲಿಗೆ 1 ಗ್ಯಾಲನ್ ಡಿಇಪಿ ಸೇರಿಸಬೇಕು. ಹಾಗಾಗಿ ಕಾನ್ಸಂಟ್ರೇಟಿಗೆ ಒಂದು ಹನಿ ಡಿಇಪಿ ಹಾಕದವರ ಬಾಟಲಿಯಲ್ಲೂ ಅದು ಇರಬಹುದಿತ್ತು.

ಇದರ ಹಳೆಯ ದುರುಪಯೋಗವೂ ಹೇಳಬೇಕಾದ್ದೇ. ಲ್ಯಾವೆಂಡರ್, ಬರ್ಗಮಾಟ್ ಎಣ್ಣೆಗಳ ಬೆಲೆಯನ್ನು ಒಂದು ಕಾಲಕ್ಕೆ ಎಸ್ಟರ್ ಪ್ರಮಾಣ ನೋಡಿ ಕಟ್ಟುತ್ತಿದ್ದರು. ಕ್ಷಾರದೊಂದಿಗೆ ಕುದಿಸಿ, ಎಷ್ಟು ಕ್ಷಾರ ಖರ್ಚಾಯಿತೆಂದು ಅಳೆದು, ಅದನ್ನೆಲ್ಲ ಆ ಎಣ್ಣೆಗಳ ಸಹಜ ಎಸ್ಟರ್ ಆದ ಲಿನಲೈಲ್ ಅಸಿಟೇಟ್ ಎಂದೇ ಲೆಕ್ಕ ಹಾಕುವ ಪರೀಕ್ಷೆ ಅದು. ಡಿಇಪಿಯ ಒಂದು ಅಣುವಿನಲ್ಲಿ ಎರಡು ಎಸ್ಟರ್ ಗುಂಪುಗಳಿವೆ, ಟಿಇಸಿಯಲ್ಲಿ ಮೂರು. ಅಣುತೂಕ ಹಾಕಿ ನೋಡಿದರೆ 1 ಗ್ರಾಂ ಡಿಇಪಿ ಆ ಪರೀಕ್ಷೆಯಲ್ಲಿ ಸುಮಾರು 1.77 ಗ್ರಾಂ ಲಿನಲೈಲ್ ಅಸಿಟೇಟಿನಂತೆ ಕಾಣುತ್ತದೆ, 1 ಗ್ರಾಂ ಟಿಇಸಿ 2.13 ಗ್ರಾಂನಂತೆ. ಕಲಬೆರಕೆ ಮಾಡಿದಷ್ಟೂ ಎಣ್ಣೆಯ ‘ಗುಣಮಟ್ಟ’ ಏರುತ್ತಿತ್ತು! ಇಂದು ಥ್ಯಾಲೇಟ್‌ರಹಿತ ಎಂಬ ಲೇಬಲ್‌ನಡಿ ಮರ್ಯಾದಸ್ಥನಂತೆ ಕುಳಿತಿರುವ ಟಿಇಸಿ, ಆಗ ಇದೇ ಕಳ್ಳದಂಧೆಯಲ್ಲಿ ಡಿಇಪಿಯ ಜೊತೆಗಾರ.

1960ರ ದಶಕದಲ್ಲಿ ಗ್ಯಾಲಕ್ಸೊಲೈಡ್ ಎಂಬ ಕೃತಕ ಕಸ್ತೂರಿ ಬಂದ ಮೇಲೆ ದ್ರಾವಕದ ಅಗತ್ಯ ಇನ್ನೂ ಹೆಚ್ಚಿತು. ಶುದ್ಧ ಗ್ಯಾಲಕ್ಸೊಲೈಡ್ ಎಷ್ಟು ಮಂದವೆಂದರೆ ಡಬ್ಬಿ ಬಗ್ಗಿಸಿದರೂ ಬೇಗ ಸುರಿಯದು. ಅದಕ್ಕೇ ಸಾಮಾನ್ಯವಾಗಿ ಶೇ 50ರ ದ್ರಾವಣವಾಗಿ ಮಾರುತ್ತಾರೆ. ಲೆಕ್ಕ ಹೆಚ್ಚು ತಪ್ಪುವುದು ಇಲ್ಲಿಯೇ. 100 ಗ್ರಾಂ ಪರ್ಫ್ಯೂಮಿನಲ್ಲಿ 20 ಗ್ರಾಂ ಕಾನ್ಸಂಟ್ರೇಟ್, ಅದರಲ್ಲಿ ಶೇ 5 ಈ ದ್ರಾವಣ ಎಂದರೆ 1 ಗ್ರಾಂ. ನಿಜವಾದ ಕಸ್ತೂರಿ ಅರ್ಧ ಗ್ರಾಂ ಮಾತ್ರ. ಯಾವುದೇ ಘಟಕದ ಸುರಕ್ಷಾ ಮಿತಿಯನ್ನು ನೋಡಬೇಕಾದ್ದು ಆ ಘಟಕದ ನಿಜ ತೂಕಕ್ಕೆ, ಅದನ್ನು ಹೊತ್ತ ದ್ರಾವಣದ ತೂಕಕ್ಕಲ್ಲ. ಸೂತ್ರ ಬರೆಯುವಾಗ ಹೆಸರಿನ ಪಕ್ಕದಲ್ಲಿ ‘ಶೇ 50, ಐಪಿಎಂನಲ್ಲಿ’ ಎಂದು ದ್ರಾವಕವನ್ನೂ ನಮೂದಿಸದಿದ್ದರೆ ಮುಂದೊಂದು ದಿನ ಪೇಚಾಟ ಖಚಿತ.

ಡಿಇಪಿಯ ಹೆಸರು ಕೆಟ್ಟದ್ದು 2000ದ ನಂತರ. ಆ ವರ್ಷ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವಿಜ್ಞಾನಿಗಳು ಜನರ ಮೂತ್ರದಲ್ಲಿ ಥ್ಯಾಲೇಟುಗಳ (ಡಿಇಪಿ ಸೇರಿದ ರಾಸಾಯನಿಕ ಕುಲ) ವಿಭಜಿತ ರೂಪಗಳನ್ನು ಅಳೆದು ಪ್ರಕಟಿಸಿದರು. ಡಿಇಪಿಯಿಂದ ಬರುವ ಮಾನೊಈಥೈಲ್ ಥ್ಯಾಲೇಟ್ ಎದ್ದು ಕಾಣುವಷ್ಟಿತ್ತು. 2002ರಲ್ಲಿ ಅಲ್ಲಿನ ಪರಿಸರ ಮತ್ತು ಆರೋಗ್ಯ ಸಂಘಟನೆಗಳು 72 ಸೌಂದರ್ಯವರ್ಧಕಗಳನ್ನು ಪರೀಕ್ಷೆಗೆ ಕಳಿಸಿದಾಗ 52ರಲ್ಲಿ ಥ್ಯಾಲೇಟುಗಳು ಸಿಕ್ಕವು. ಲೇಬಲಿನಲ್ಲಿ ಇದ್ದದ್ದು ‘ಫ್ರೇಗ್ರನ್ಸ್’ ಎಂಬ ಒಂದೇ ಪದ. 2004ರಲ್ಲಿ ಯುರೋಪಿಯನ್ ಒಕ್ಕೂಟ ಅದೇ ಕುಲದ ಡಿಬಿಪಿ ಮತ್ತು ಡಿಇಎಚ್‌ಪಿಗಳನ್ನು ಸೌಂದರ್ಯವರ್ಧಕಗಳಿಂದ ನಿಷೇಧಿಸಿತು. ಡಿಇಪಿ ಆ ಪಟ್ಟಿಯಲ್ಲಿ ಇರಲಿಲ್ಲ. ಒಕ್ಕೂಟದ ವೈಜ್ಞಾನಿಕ ಸಮಿತಿ ಅದರ ಬಳಕೆಗೆ ಆಕ್ಷೇಪ ಎತ್ತಿರಲಿಲ್ಲ. ಆದರೆ ಸಾಮಾನು ಕೊಳ್ಳುವವರು ಥ್ಯಾಲೇಟುಗಳಲ್ಲಿ ಯಾವುದು ಯಾವುದೆಂದು ಬಿಡಿಸಿ ನೋಡುವುದಿಲ್ಲ. ಕಾನೂನಿಗಿಂತ ಮೊದಲೇ ಮಾರುಕಟ್ಟೆ ಅದನ್ನು ಹೊರಗಿಟ್ಟಿತು. ಕಾನೂನು ಬಂದದ್ದು ತೀರಾ ಈಚೆಗೆ: ವಾಷಿಂಗ್ಟನ್ ರಾಜ್ಯ 2025ರ ಜನವರಿ 1ರಿಂದ ಸೌಂದರ್ಯವರ್ಧಕಗಳಲ್ಲಿ ಆರ್ಥೊ ಥ್ಯಾಲೇಟುಗಳನ್ನು ಒಟ್ಟಾಗಿ ನಿರ್ಬಂಧಿಸಿದೆ, ಡಿಇಪಿಯೂ ಅವುಗಳಲ್ಲಿ ಒಂದು. ಕುಲದ ಹೆಸರಿನಿಂದ ಡಿಇಪಿ ಪೆಟ್ಟು ತಿಂದದ್ದು ನಿಜ. ಹಾಗೆಂದು ಜನರ ಅನುಮಾನವನ್ನು ಅಜ್ಞಾನವೆಂದು ತಳ್ಳಿಹಾಕುವುದೂ ಸರಿಯಲ್ಲ; ಲೇಬಲಿನಲ್ಲಿ ಹೇಳದೆ ಇಟ್ಟದ್ದು ಉದ್ಯಮವೇ.

ಬದಲಿಗೆ ಬಂದವುಗಳ ಪೈಕಿ ಹೆಚ್ಚು ಬಳಕೆಯದು ಡಿಪಿಜಿ. ನೀರಿನೊಂದಿಗೆ ಬೆರೆಯುತ್ತದೆ, ಅಗ್ಗ, ವೆನಿಲಿನ್ನಿಗೆ ಒಳ್ಳೆಯದು. ಆದರೆ ಕಿತ್ತಳೆ, ನಿಂಬೆಯಂಥ ಟರ್ಪೀನ್ ತುಂಬಿದ ಎಣ್ಣೆಗಳು ಅದರಲ್ಲಿ ಮಸುಕಾಗಿ ಬೇರೆಯಾಗುತ್ತವೆ. ಮಸ್ಕ್ ಕೀಟೋನ್ ಎಂಬ ನೈಟ್ರೊ ಕಸ್ತೂರಿ ಹೆಚ್ಚು ಕರಗದು. ಮೇಣದಬತ್ತಿಗೆ ಹಾಕಿದರೆ ಮೇಣದೊಂದಿಗೆ ಸೇರದೆ ಹನಿಗಟ್ಟಿ, ಬತ್ತಿ ಸರಿಯಾಗಿ ಉರಿಯದಂತೆ ಮಾಡುತ್ತದೆ. ಐಪಿಎಂ ಇದಕ್ಕೆ ತದ್ವಿರುದ್ಧ. ತೆಳು, ಎಣ್ಣೆಯ ಗುಣದ್ದು, ಸಿಟ್ರಸ್ ಎಣ್ಣೆಗಳಿಗೆ ಹೇಳಿ ಮಾಡಿಸಿದ್ದು. ವೆನಿಲಿನ್ ಮಾತ್ರ ಅದರಲ್ಲಿ ಕರಗಲು ಒಪ್ಪುವುದಿಲ್ಲ. ಬೆಂಜೈಲ್ ಬೆಂಜೊಯೇಟ್ ಕಸ್ತೂರಿ ಹರಳುಗಳಿಗೆ ಬಲವಾದ ದ್ರಾವಕ, ಆದರೆ 20 ಡಿಗ್ರಿ ಆಸುಪಾಸಿನಲ್ಲಿ ತಾನೇ ಹೆಪ್ಪುಗಟ್ಟುತ್ತದೆ. ತಂಪಾದ ಕೋಣೆಯಲ್ಲಿ ಬಾಟಲಿಯ ತಳದಲ್ಲಿ ಸೂಜಿಯಂಥ ಹರಳು ಕಂಡವರು ಮಾಲು ಕೆಟ್ಟಿತೆಂದು ಚೆಲ್ಲಿಬಿಡುವುದುಂಟು; ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು. ಯುರೋಪಿನ ಅಲರ್ಜಿಕಾರಕಗಳ ಮೊದಲ 26ರ ಪಟ್ಟಿಯಲ್ಲೇ ಅದೂ ಇದೆ. ಮೈಮೇಲೆ ಉಳಿಯುವ ಉತ್ಪನ್ನದಲ್ಲಿ ಶೇ 0.001 ದಾಟಿದರೆ ಲೇಬಲಿನಲ್ಲಿ ಹೆಸರು ಹಾಕಬೇಕು. ಟಿಇಸಿ ಡಿಇಪಿಗೆ ಹತ್ತಿರದ ಬದಲಿ. ಸ್ವಲ್ಪ ಮಂದ, ಸಾಬೂನಿನಂಥ ಕ್ಷಾರದಲ್ಲಿ ನಿಧಾನವಾಗಿ ಒಡೆಯುತ್ತದೆ.

ಹೆಚ್ಚು ತಲೆನೋವು ಕೊಡುವುದು ಸದ್ದಿಲ್ಲದ ಬದಲಾವಣೆ. ಅದೇ ಹೆಸರಿನ ಕಸ್ತೂರಿ ದ್ರಾವಣ ಡಿಇಪಿ ಬಿಟ್ಟು ಐಪಿಎಂಗೆ ಹೊರಳಿತು ಎನ್ನೋಣ. ಸೂತ್ರ ಬದಲಾಗಿಲ್ಲ, ಆದರೆ ನೀರು ಸೇರಿಸಿ ಆಲ್ಕೋಹಾಲನ್ನು ಶೇ 80ಕ್ಕೆ ಇಳಿಸಿದ ಕೂಡಲೇ ಪರ್ಫ್ಯೂಮ್ ಮೋಡಗಟ್ಟುತ್ತದೆ. ಐಪಿಎಂಗೆ ನೀರಿನ ಸಹವಾಸ ಆಗದು, ಸಣ್ಣ ಹನಿಗಳಾಗಿ ಹೊರಬರುತ್ತದೆ. ನೀರು ಕಡಿಮೆ ಮಾಡಬೇಕು, ಇಲ್ಲವೇ ಅದೇ ಕಸ್ತೂರಿಯನ್ನು ಟಿಇಸಿಯಲ್ಲೋ ಬೆಂಜೈಲ್ ಬೆಂಜೊಯೇಟಿನಲ್ಲೋ ತರಿಸಬೇಕು. ಶೋಧಿಸಿ ತಿಳಿಯಾಗಿಸಬಹುದು, ಆದರೆ ಹನಿಯ ಜೊತೆ ಅದರಲ್ಲಿ ಕರಗಿದ್ದ ಸುಗಂಧವೂ ಕಾಗದದಲ್ಲೇ ಉಳಿಯುತ್ತದೆ.

ಕೊಂಡ ಎಣ್ಣೆಯಲ್ಲಿ ದ್ರಾವಕ ತುಂಬಿದ್ದಾರೋ ಎಂದು ಮೊದಲ ನೋಟಕ್ಕೆ ತಿಳಿಯಲು ಎರಡು ದಾರಿಗಳಿವೆ. ಅಳತೆಯ ಜಾಡಿಯಲ್ಲಿ 10 ಮಿಲಿ ಎಣ್ಣೆ, 10 ಮಿಲಿ ನೀರು ಹಾಕಿ ಕುಲುಕಿ, ಪದರ ಬೇರೆಯಾಗಲು ಬಿಡಿ. ಎಣ್ಣೆಯ ಪದರ 8 ಮಿಲಿಗೆ ಇಳಿದಿದ್ದರೆ ಡಿಪಿಜಿಯೋ ಆಲ್ಕೋಹಾಲೋ ನೀರಿಗೆ ಹೋಗಿದೆ. ಡಿಇಪಿ, ಐಪಿಎಂ, ಟಿಇಸಿ ಹೀಗೆ ಸಿಕ್ಕಿಬೀಳುವುದಿಲ್ಲ. ಸಿಟ್ರಸ್‌ನಂಥ ಬೇಗ ಆರುವ ಎಣ್ಣೆಯಾದರೆ ಕಾಗದದ ಪಟ್ಟಿಗೆ ಒಂದು ಹನಿ ಬಿಟ್ಟು ಎರಡು ದಿನ ತೆರೆದಿಡಿ. ಪರಿಮಳ ಹೋದ ಮೇಲೂ ಪಟ್ಟಿ ಎಣ್ಣೆ ಹೀರಿದಂತೆ ಒದ್ದೆಯಾಗಿಯೇ ಇದ್ದರೆ ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ ಮಾದರಿ ಕಳಿಸುವುದು ಒಳಿತು. ಡಿಇಪಿ ಅದರಲ್ಲಿ ಸ್ಪಷ್ಟ ಶಿಖರವಾಗಿ ಕಾಣುತ್ತದೆ. ಎರಡೂ ಪರೀಕ್ಷೆಗೆ ಗಾಜಿನ ಸಾಮಾನನ್ನೇ ಬಳಸಿ. ಪ್ಲಾಸ್ಟಿಕ್ ಮೆದುಗೊಳಿಸುವುದೇ ಡಿಇಪಿಯ ಇನ್ನೊಂದು ಕಸುಬು, ಪಾಲಿಸ್ಟೈರೀನ್ ಲೋಟದಲ್ಲಿಟ್ಟರೆ ಲೋಟವೇ ಅಂಟಂಟಾಗುತ್ತದೆ.