ಹುಕ್ ಬರೆದ ಕಾರ್ಕ್ ಚಿತ್ರ: ಕಂಡದ್ದಾ, ಕಟ್ಟಿದ್ದಾ?

ಜೀವಕೋಶದ ಪಾಠ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. 'ಸರ್, ನಮ್ಮ ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ಕಾರ್ಕ್ ಇಟ್ಟರೆ ಪುಸ್ತಕದಲ್ಲಿರೋ ಹಾಗೆ ಕಾಣೋದೇ ಇಲ್ಲ. ರಾಬರ್ಟ್ ಹುಕ್ ಸುಮ್ನೆ ಊಹಿಸಿ ಬರೆದನಾ?' ಸರಿ, ಇನ್ನೊಂದು ಸಲ ಹೇಳುತ್ತೇನೆ.

ಊಹಿಸಿದ್ದಲ್ಲ, ಕಂಡದ್ದೇ. ಆದರೆ ಒಂದೇ ನೋಟಕ್ಕೆ ಕಂಡದ್ದಲ್ಲ.

ಇಂಗ್ಲೆಂಡಿನ ವಿಜ್ಞಾನಿ ಹುಕ್ 1665ರಲ್ಲಿ ತನ್ನ 'ಮೈಕ್ರೋಗ್ರಾಫಿಯಾ' ಪುಸ್ತಕದಲ್ಲಿ ಅಚ್ಚು ಹಾಕಿಸಿದ ಆ ಚಿತ್ರವನ್ನು ಆ ಕಾಲದ ಫೋಟೋ ಅಂತ ನಂಬಿರುವವರೇ ಜಾಸ್ತಿ. ಅದು ಕಪ್ಪು ವೃತ್ತದೊಳಗೆ ಇದೆ ನೋಡಿ, ಅದೇ ಮೋಸ ಮಾಡುವುದು. ಕೊಳವೆಯಲ್ಲಿ ಇಣುಕಿದಾಗ ಕಂಡದ್ದು ಇಷ್ಟೇ ಅನ್ನಿಸಿಬಿಡುತ್ತದೆ. ಸ್ವಲ್ಪ ನಿಧಾನವಾಗಿ ನೋಡಿ. ಒಳಗೆ ಎರಡು ತುಂಡುಗಳಿವೆ. ಒಂದರಲ್ಲಿ ಕೋಣೆಗಳು (ನಾವೀಗ ಜೀವಕೋಶ ಅನ್ನುವುದು ಇವನ್ನೇ) ಉದ್ದಕ್ಕೆ ಸೀಳಿದಂತಿವೆ, ಇನ್ನೊಂದರಲ್ಲಿ ಅಡ್ಡಕ್ಕೆ ಕತ್ತರಿಸಿದಂತಿವೆ. ಒಂದೇ ಸೀಳಿನಲ್ಲಿ ಎರಡೂ ಕಾಣುವುದಿಲ್ಲ, ಅಲ್ವಾ? ಹುಕ್ ಹರಿತವಾದ ಚಾಕುವಿನಿಂದ ತೆಳು ಹೋಳು ತೆಗೆದ, ಕಾರ್ಕ್ ಬಿಳಿಚಿಕೊಂಡಿರುತ್ತದೆ ಅಂತ ಅದನ್ನು ಕಪ್ಪು ತಟ್ಟೆಯ ಮೇಲಿಟ್ಟ, ದಪ್ಪ ಮಸೂರದಿಂದ ಬೆಳಕು ಬೀಳಿಸಿದ. ಬೇರೆ ಬೇರೆ ಬೆಳಕಿನಲ್ಲಿ, ಬೇರೆ ಬೇರೆ ಕೋನದಲ್ಲಿ ಮತ್ತೆ ಮತ್ತೆ ನೋಡಿ ನಿಜವಾದ ಆಕಾರ ಗೊತ್ತಾಗುವ ತನಕ ಚಿತ್ರಕ್ಕೆ ಕೈ ಹಾಕುತ್ತಿರಲಿಲ್ಲ ಅಂತ ಆ ಪುಸ್ತಕದ ಮುನ್ನುಡಿಯಲ್ಲಿ ಅವನೇ ಬರೆದಿದ್ದಾನೆ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಫೋಟೋ ಅನ್ನುವವರಿಗೆ ಏನು ಹೇಳೋದು!

ಲೆಕ್ಕದಲ್ಲೂ ಅವನ ರೀತಿ ಇದೇ. ಒಂದು ಅಂಗುಲದ ಹದಿನೆಂಟನೇ ಒಂದು ಭಾಗದಲ್ಲಿ ಸುಮಾರು 60 ಕೋಣೆ ಎಣಿಸಿದ. ಅಂದರೆ ಅಂಗುಲಕ್ಕೆ 1080. ಉಳಿದದ್ದು ಬರೀ ಗುಣಾಕಾರ, ಒಂದು ಘನ ಅಂಗುಲದಲ್ಲಿ 125 ಕೋಟಿಗೂ ಹೆಚ್ಚು. ಅಷ್ಟನ್ನೂ ಕಣ್ಣಿಂದ ಎಣಿಸಲಿಲ್ಲ, ಹಾಗಂತ ಅದು ಸುಳ್ಳಾಗುತ್ತದಾ?

ಇನ್ನೂ ಅನುಮಾನ ಇದ್ದರೆ ಅದೇ ಕಾಲದ ಇಂಗ್ಲೆಂಡಿನ ಸಸ್ಯವಿಜ್ಞಾನಿ ನೆಹೆಮಯ್ಯ ಗ್ರೂ 1682ರಲ್ಲಿ ಅಚ್ಚು ಹಾಕಿಸಿದ ಚಿತ್ರಗಳನ್ನು ನೋಡಿ. ದ್ರಾಕ್ಷಿ ಬಳ್ಳಿಯ ಕಾಂಡವನ್ನು ಕಲ್ಲಂಗಡಿ ಹೋಳಿನ ಹಾಗೆ ಬಿಡಿಸಿದ್ದಾನೆ. ಮೇಲ್ಗಡೆ ಅಡ್ಡ ಸೀಳು, ಪಕ್ಕದಲ್ಲಿ ಉದ್ದ ಸೀಳು, ನಾಳಗಳು ಒಂದರಿಂದ ಇನ್ನೊಂದಕ್ಕೆ ಇಳಿದುಹೋಗುವುದು ಸಮೇತ. ಅವನ ಕಾಲದ ಮೈಕ್ರೋಸ್ಕೋಪು ಬಿಡಿ, ನಿಮ್ಮ ಲ್ಯಾಬಿನದೂ ಆ ನೋಟವನ್ನು ಒಟ್ಟಿಗೆ ತೋರಿಸುವುದಿಲ್ಲ. ಹತ್ತಾರು ಸೀಳು ನೋಡಿ ತಲೆಯಲ್ಲಿ ಜೋಡಿಸಿದ ಚಿತ್ರ ಅದು. ನನ್ನ ಕೇಳಿದರೆ ಫೋಟೋಗಿಂತ ಅದೇ ಮೇಲು, ಮರದೊಳಗೆ ಯಾವುದು ಯಾವುದಕ್ಕೆ ಸೇರಿದೆ ಅಂತ ಅಲ್ಲಿ ತಿಳಿಯುತ್ತದೆ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಹುಕ್‌ನ ಅದೇ ಹಾಳೆಯಲ್ಲಿ ಕಾರ್ಕಿನ ಕೆಳಗೆ ಒಂದು ಎಲೆಗಳ ರೆಂಬೆ ಇದೆ. ಅದು ಯಾವುದು ಗೊತ್ತಾ? ಮುಟ್ಟಿದರೆ ಮುನಿ ಜಾತಿಯ ಗಿಡ! ಕೋಣೆಯಿಂದ ಕೋಣೆಗೆ ರಸ ಹೋಗುವ ದಾರಿ ಇದೆಯಾ ಅಂತ ಹುಕ್ ಹುಡುಕಿದ್ದ, ಸಿಕ್ಕಿರಲಿಲ್ಲ. ಅದೇ ಅಧ್ಯಾಯದಲ್ಲಿ ಈ ಗಿಡದ ಮಾತೂ ಬರುತ್ತದೆ. ಎಲೆಯ ಬುಡದಲ್ಲಿರುವ ಉಬ್ಬಿನ ಕೋಶಗಳಿಂದ ನೀರು ಹೊರಗೆ ಹೋಗಿ ಅವು ಸಡಿಲವಾಗುವುದರಿಂದಲೇ ಅದು ಮುದುಡುತ್ತದೆ ಅಂತ ಈಗ ಗೊತ್ತು. ಅದೇನೇ ಇರಲಿ, ರೆಂಬೆ ಈ ಗಿಡದ್ದು, ಆದ್ದರಿಂದ ಅದನ್ನು 'ಕಾರ್ಕ್ ಮರದ ಕೊಂಬೆ' ಅಂತ ನೋಟ್ಸಿನಲ್ಲಿ ಬರೆಸುವವರು ದಯವಿಟ್ಟು ನಿಲ್ಲಿಸಿ. ಕಾರ್ಕ್ ಮರ ಓಕ್ ಜಾತಿಯದು, ಅದರ ಎಲೆ ಒಂಟಿ ಎಲೆ. ಚಿತ್ರದಲ್ಲಿ ಇರುವುದು ಸಾಲು ಸಾಲು ಪುಟ್ಟ ಎಲೆಗಳು.