ರ‍್ಯಾಮ್ ಮೊದಲು, ಪ್ರೊಸೆಸರ್ ಆಮೇಲೆ

ಡೆಸ್ಕ್‌ಟಾಪ್ ನಿಧಾನವಾದರೆ ಎಲ್ಲರ ಕಣ್ಣೂ ಮೊದಲು ಬೀಳುವುದು ಪ್ರೊಸೆಸರ್ ಮೇಲೆ. ಎಷ್ಟೋ ಸಲ ತಪ್ಪು ಅದರದ್ದಾಗಿರುವುದಿಲ್ಲ. ನಿತ್ಯ ಬಳಸುವ ತಂತ್ರಾಂಶಗಳನ್ನೆಲ್ಲ ತೆರೆದಿಟ್ಟುಕೊಂಡು, ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ ಶೇ. 90ರ ಆಸುಪಾಸಿನಲ್ಲೇ ನಿಂತು, ಡಿಸ್ಕ್ ಬಿಡುವಿಲ್ಲದೆ ದುಡಿಯುತ್ತಿದ್ದರೆ ಕೊರತೆ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನದು. ಜಾಗ ಸಾಲದಾದಾಗ ಆಪರೇಟಿಂಗ್ ಸಿಸ್ಟಂ ಸದ್ಯಕ್ಕೆ ಬೇಡದ ದತ್ತಾಂಶವನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ರ‍್ಯಾಮ್‌ನಿಂದ ದತ್ತಾಂಶ ಬರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಹಾರ್ಡ್‌ಡಿಸ್ಕಿಗೆ 10 ಮಿಲಿಸೆಕೆಂಡಿನಷ್ಟು ಬೇಕು. ಲಕ್ಷ ಪಟ್ಟು ವ್ಯತ್ಯಾಸ! ಎಂಥ ಪ್ರೊಸೆಸರ್ ಇದ್ದರೂ ಅಷ್ಟು ಹೊತ್ತು ಕಾಯಲೇಬೇಕು. ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿ ಈ ಕಾಯುವಿಕೆಯನ್ನು ಬಹಳ ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ.

ಕೊಳ್ಳುವ ಮುನ್ನ ಮದರ್‌ಬೋರ್ಡ್ ಕೈಪಿಡಿ ತೆರೆಯಿರಿ. ಡಿಡಿಆರ್4, ಡಿಡಿಆರ್5 ಎಂಬ ಎರಡು ತಲೆಮಾರಿನ ಮೆಮೊರಿಗೂ 288 ಪಿನ್‌ಗಳೇ ಆದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರದು. 16 ಜಿಬಿಯ ಒಂದೇ ಸ್ಟಿಕ್‌ಗಿಂತ 8 ಜಿಬಿಯ ಜೋಡಿ ಮೇಲು. ಡಿಡಿಆರ್4-3200ರ ಒಂದು ಚಾನೆಲ್ (ಪ್ರೊಸೆಸರ್‌ಗೆ ದತ್ತಾಂಶ ಸಾಗುವ ದಾರಿ) ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಬಲ್ಲದು, ಎರಡು ಚಾನೆಲ್ ಸೇರಿದರೆ 51.2 ಜಿಬಿ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸನ್ನೇ ಬಳಸುವವರಿಗೆ ಈ ಅಂತರ ಚೆನ್ನಾಗಿ ಕಾಣುತ್ತದೆ. ನಾಲ್ಕು ಸ್ಲಾಟ್‌ಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯದು ಮತ್ತು ನಾಲ್ಕನೆಯದು ಜೋಡಿ. ಅಕ್ಕಪಕ್ಕ ಚುಚ್ಚಿದರೆ ಒಂದೇ ಚಾನೆಲ್ ಸಿಕ್ಕೀತು. ಪೆಟ್ಟಿಗೆಯ ಮೇಲೆ ವೇಗ 3200 ಎಂದಿದ್ದರೂ ಎಷ್ಟೋ ಕಿಟ್‌ಗಳು ಮೊದಲು 2133 ಅಥವಾ 2400ರಲ್ಲೇ ಓಡುತ್ತವೆ. ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್‌ಗೆ ಹೋಗಿ, ಪೂರ್ತಿ ವೇಗ ತರುವ ಎಕ್ಸ್‌ಎಂಪಿ ಪ್ರೊಫೈಲ್ ಆನ್ ಮಾಡಬೇಕು. ಹಣ ಕೊಟ್ಟ ವೇಗವನ್ನು ಬಳಸದೆ ಬಿಡುವುದು ಬೇಸರದ ಸಂಗತಿ.

ಮೆಮೊರಿ ಖಾಲಿಯಿದ್ದು ಎಲ್ಲ ಕೋರ್‌ಗಳೂ ಶೇ. 100ಕ್ಕೆ ಏರುತ್ತಿದ್ದರೆ ಆಗ ಪ್ರೊಸೆಸರ್ ಬದಲಿಸಿ. ಪ್ರೊಸೆಸರ್ ಕೂರುವ ಸಾಕೆಟ್ ಹೊಂದಿದರೆ ಸಾಲದು. ಎಲ್‌ಜಿಎ 1151 ಸಾಕೆಟ್ ಇಂಟೆಲ್‌ನ 6ರಿಂದ 9ನೇ ತಲೆಮಾರಿನವರೆಗೂ ಬಂತು, ಆದರೆ 8ನೆಯದು 100 ಮತ್ತು 200 ಸರಣಿಯ ಬೋರ್ಡುಗಳಲ್ಲಿ ನಡೆಯುವುದಿಲ್ಲ. ಎಎಂಡಿಯ ಬಿ450 ಬೋರ್ಡಿನಲ್ಲಿ ರೈಜನ್ 5000 ನಡೆಯುತ್ತದೆ, ಬಯಾಸ್ ಅಪ್‌ಡೇಟ್ ಆಗಿರಬೇಕು, ಅಷ್ಟೇ. ಆ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಮಾಡಿಕೊಳ್ಳಿ. ಇಂಟೆಲ್ ಮಾದರಿಯ ಕೊನೆಗೆ 'ಎಫ್' ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಪ್ರತ್ಯೇಕ ಕಾರ್ಡ್ ಇಲ್ಲದಿದ್ದರೆ ಪರದೆ ಕಪ್ಪಗೇ ಉಳಿಯುತ್ತದೆ. ಡಿಸ್ಕಿನ ದತ್ತಾಂಶಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಬಳಸುವವರು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀ ಬರೆದಿಟ್ಟುಕೊಳ್ಳಲಿ. ಭದ್ರತಾ ಕೀಲಿ ಹಳೆಯ ಪ್ರೊಸೆಸರ್‌ನೊಳಗೇ ಇದ್ದಿರಬಹುದು.

ಎಎಂಡಿಯ ಎಎಂ4 ಸಾಕೆಟ್ ಇರುವ ಬೋರ್ಡಿನಲ್ಲಿ ಕೂಲರ್ ಬಿಚ್ಚುವ ಗಳಿಗೆಯೇ ಅಪಾಯದ್ದು. ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದರೆ ಅಂಟಿನಂತೆ ಹಿಡಿದಿರುತ್ತದೆ. ನೇರ ಎಳೆದರೆ, ಪ್ರೊಸೆಸರನ್ನು ಹಿಡಿದಿಡುವ ಲಿವರ್ ಹಾಕಿದ್ದರೂ ಪ್ರೊಸೆಸರ್ ಕೂಲರ್ ಜತೆಗೇ ಕಿತ್ತುಬಂದು ಪಿನ್‌ಗಳು ಬಾಗಬಹುದು. ಹತ್ತು ನಿಮಿಷ ಕಂಪ್ಯೂಟರ್‌ಗೆ ಭಾರಿ ಕೆಲಸ ಕೊಟ್ಟು ಬಿಸಿ ಮಾಡಿ, ಪವರ್ ಕೇಬಲ್ ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಎತ್ತಿ. ಇಂಟೆಲ್‌ನ ಎಲ್‌ಜಿಎ ಮತ್ತು ಎಎಂಡಿಯ ಎಎಂ5 ಸಾಕೆಟ್‌ಗಳಲ್ಲಿ ಪಿನ್‌ಗಳಿರುವುದು ಬೋರ್ಡಿನಲ್ಲಿ, ಅಲ್ಲಿ ಬೆರಳೂ ತಾಗಬಾರದು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಪ್ರೊಸೆಸರ್ ಮೂಲೆಯ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ ಇಡಿ, ಒತ್ತಬೇಡಿ. ಲಿವರ್ ಹಾಕಿದ ಮೇಲೆ ನಡುವೆ 5 ಮಿಲಿಮೀಟರ್‌ನಷ್ಟು ಅಗಲದ ಪೇಸ್ಟಿನ ಬೊಟ್ಟು ಸಾಕು. ಕೂಲರ್ ಸ್ಕ್ರೂಗಳನ್ನು ಕರ್ಣಾಕಾರವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಫ್ಯಾನ್ ವೈರನ್ನು ಸಿಪಿಯು ಫ್ಯಾನ್ ಎಂದಿರುವಲ್ಲಿಗೇ ಜೋಡಿಸಿ.

ಡಿಡಿಆರ್5 ಇರುವ ಕಂಪ್ಯೂಟರ್ ಮೊದಲ ಸಲ ಆನ್ ಆದಾಗ ಕೆಲವು ನಿಮಿಷ ಏನೂ ತೋರಿಸದೆ ಇರಬಹುದು. ಅದು ಮೆಮೊರಿಯ ಸಮಯವನ್ನು ಹೊಂದಿಸಿಕೊಳ್ಳುತ್ತಿರುತ್ತದೆ, ನಡುವೆ ಆಫ್ ಮಾಡಬೇಡಿ. ಆಮೇಲೂ ಚಿತ್ರ ಬರದಿದ್ದರೆ ಆಫ್ ಮಾಡಿ, ಒಂದೇ ಸ್ಟಿಕ್ ಇಟ್ಟು ನೋಡಿ, ನಂತರ ಇನ್ನೊಂದನ್ನು. ಚಿತ್ರ ಬಂದು ಆಗಾಗ ನೀಲಿ ಪರದೆ ಕಂಡರೆ ಎಕ್ಸ್‌ಎಂಪಿ ತೆಗೆದು, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಕಂಡರೂ ಆ ಸ್ಟಿಕ್ ವಾಪಸ್ ಹೋಗಬೇಕು.