ಪ್ಲಾನ್ ‘ಅಡಾಪ್ಟ್’ ಆಗಿದೆ ಅಂದ್ರೆ ಆಗಿದೆಯಾ, ಇಲ್ವಾ?

ಇಟಲೀಲಿ ಖಾಲಿ ಜಮೀನು ಮಾರ್ಬೇಕಾದ್ರೆ ಒಂದು ಕಾಗದ ಬೇಕೇ ಬೇಕು. ಹೆಸರು ಚೆರ್ತಿಫಿಕಾತೊ ದಿ ದೆಸ್ತಿನಾಟ್ಸಿಯೋನೆ ಉರ್ಬನಿಸ್ತಿಕಾ, ಉಸಿರು ಸಾಲಲ್ಲ ಅಂತ ಎಲ್ರೂ ಚಿ-ದಿ-ಉ ಅಂತಾರೆ. ಅಲ್ಲಿನ ಪುರಸಭೆ, ಅಂದ್ರೆ ಕೊಮುನೆ, ಅರ್ಜಿ ಹಾಕಿದ 30 ದಿನದೊಳಗೆ ಇದನ್ನ ಕೊಡ್ಬೇಕು. ಈ ಸರ್ವೆ ನಂಬರ್ ಮೇಲೆ ಏನು ಕಟ್ಬಹುದು, ಏನು ಕಟ್ಟಂಗಿಲ್ಲ ಅಂತ ಅದ್ರಲ್ಲಿರುತ್ತೆ. ಮನೆಗೆ ಸೇರಿದ 5,000 ಚದರ ಮೀಟರಿಗಿಂತ ಚಿಕ್ಕ ಅಂಗಳಕ್ಕೆ ಮಾತ್ರ ವಿನಾಯಿತಿ, ಉಳಿದಂತೆ ಈ ಕಾಗದ ಲಗತ್ತಿಸದ ಕ್ರಯಪತ್ರಕ್ಕೆ ಬೆಲೆನೇ ಇಲ್ಲ. ಎರಡು ಪುಟ ಅಷ್ಟೇ, ಆದ್ರೆ ನನ್ನಂಥ ಅನುವಾದಕರ ನಿದ್ದೆ ಕೆಡಿಸೋದು ಈ ಎರಡು ಪುಟನೇ.

ನಾನು ಇಟಾಲಿಯನ್‌ನಿಂದ ಇಂಗ್ಲಿಷಿಗೆ ಪ್ಲಾನಿಂಗ್ ದಾಖಲೆಗಳನ್ನ, ಅಂದ್ರೆ ಊರಲ್ಲಿ ಎಲ್ಲಿ ಏನು ಕಟ್ಬಹುದು ಅನ್ನೋ ಯೋಜನೆಯ ಕಾಗದಗಳನ್ನ, ಅನುವಾದ ಮಾಡ್ತೀನಿ. ಈ ಕೆಲಸದಲ್ಲಿ ಗೊತ್ತಿಲ್ಲದ ಪದದಿಂದ ಅಷ್ಟು ತೊಂದ್ರೆ ಇಲ್ಲ, ಡಿಕ್ಷನರಿ ನೋಡ್ತೀವಿ, ಯಾರನ್ನಾದ್ರೂ ಕೇಳ್ತೀವಿ. ಆಗಲೇ ಇಂಗ್ಲಿಷ್ ಥರ ಕಾಣೋ ಪದ ಇರುತ್ತಲ್ಲ, ಅಲ್ಲೇ ಜಾರೋದು.

ಶುರುವಿನ ವರ್ಷಗಳಲ್ಲಿ ಮಾರ್ಕೆ ಪ್ರದೇಶದ ಒಂದು ಜಮೀನಿನ ಚಿ-ದಿ-ಉ ಬಂತು, ಕೊಳ್ಳೋರು ಇಂಗ್ಲೆಂಡಿನ ಗಂಡ-ಹೆಂಡ್ತಿ, ಏಜೆನ್ಸಿಯವರು ನಾಳೆ ಬೆಳಿಗ್ಗೆನೇ ಬೇಕು ಅಂತ ಕೂತಿದ್ರು. ಅದ್ರಲ್ಲಿ ಒಂದು ಸಾಲು: ಜಾರಿಯಲ್ಲಿರೋ ಪ್ಲಾನ್ ಪ್ರಕಾರ ಈ ಜಾಗ ‘ಇ’ ವಲಯ, ಅಂದ್ರೆ ಕೃಷಿ, ಇಂಥಾ ದಿನ ‘ಅದೊತ್ತಾತೊ’ ಆದ ಹೊಸ ಪ್ಲಾನ್ ಪ್ರಕಾರ ‘ಸಿ’ ವಲಯ, ಅಂದ್ರೆ ಊರು ಬೆಳೆಯೋ ಕಡೆ, ಮನೆ ಕಟ್ಬಹುದು. ಅದೊತ್ತಾತೊ ಅಂದ್ರೆ ಇನ್ನೇನು, ಅಡಾಪ್ಟೆಡ್ (adopted), ಟೈಪ್ ಮಾಡ್ದೆ, ಕಳಿಸ್ದೆ.

ಇಂಗ್ಲೆಂಡಲ್ಲಿ ಲೋಕಲ್ ಪ್ಲಾನ್ ಅಡಾಪ್ಟ್ ಆಯ್ತು ಅಂದ್ರೆ ಮುಗೀತು. ಡ್ರಾಫ್ಟು, ಆಕ್ಷೇಪಣೆ, ಇನ್ಸ್‌ಪೆಕ್ಟರ್ ಪರೀಕ್ಷೆ ಎಲ್ಲಾ ದಾಟಿ ಬರೋ ಕೊನೇ ಮೆಟ್ಟಿಲು ಅದು. ಇಟಲೀಲಿ ಉಲ್ಟಾ. ಕೌನ್ಸಿಲ್ಲು ಮೊದಲು ಅದೊತ್ತಾರೆ ಮಾಡುತ್ತೆ, ಆಮೇಲೆ ಪ್ಲಾನನ್ನ ಜನರ ಮುಂದೆ ಇಡ್ತಾರೆ, ಜನ ಆಕ್ಷೇಪಣೆ ಹಾಕ್ತಾರೆ, ಕೊಮುನೆ ಒಂದೊಂದಕ್ಕೂ ಉತ್ತರ ಕೊಡುತ್ತೆ, ಅದಾದ್ಮೇಲೆ ‘ಅಪ್ರೊವಾಟ್ಸಿಯೋನೆ’, ಅಂದ್ರೆ ಕೊನೇ ಒಪ್ಪಿಗೆ. ಅದೊತ್ತಾತೊ ಅನ್ನೋದು ಬಾಗಿಲು, ನಾನು ಅದನ್ನ ಹಿತ್ತಲು ಅಂತ ಬರೆದಿದ್ದೆ.

ಇಷ್ಟೇ ಆಗಿದ್ರೆ ‘ಡ್ರಾಫ್ಟ್’ ಅಂತ ಬರೆದು ಪಾರಾಗಬಹುದಿತ್ತು, ಆದ್ರೆ ಅದೂ ತಪ್ಪು. ಯಾಕಂದ್ರೆ ಅದೊತ್ತಾತೊ ಆದ ದಿನದಿಂದ ಪ್ಲಾನಿಗೆ ಅರ್ಧ ಜೀವ ಬಂದಿರುತ್ತೆ. ಹೊಸ ಪ್ಲಾನಿಗೆ ವಿರುದ್ಧ ಇರೋ ಕಟ್ಟಡ ಅರ್ಜಿಗಳನ್ನ ಕೊಮುನೆ ತಡೆ ಹಿಡೀಬೇಕು, ಇದಕ್ಕೆ ಮಿಸೂರೆ ದಿ ಸಲ್ವಗ್ವಾರ್ದಿಯಾ ಅಂತಾರೆ. ಸಾಮಾನ್ಯವಾಗಿ ಮೂರು ವರ್ಷ, ಪ್ಲಾನನ್ನ ಒಂದು ವರ್ಷದೊಳಗೆ ಮೇಲಿನವರ ಅಪ್ರೂವಲ್‌ಗೆ ಕಳಿಸಿದ್ರೆ ಐದು ವರ್ಷ. ಹಳೇದಂತೂ ಜಾರೀಲೇ ಇರುತ್ತೆ. ಅಂದ್ರೆ ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತೆ. ಆ ಜಾಗದಲ್ಲಿ ಹೊಸ ಪ್ಲಾನು ಮನೆ ಕಟ್ಟು ಅಂದ್ರೂ ಹಳೇ ಪ್ಲಾನು ಗೋಧಿ ಬೆಳಿ ಅಂತಿತ್ತು, ಹಾಗಾಗಿ ಗೋಧಿನೇ. ಪುಣ್ಯಕ್ಕೆ ಅಡ್ವಾನ್ಸ್ ಕೊಡೋ ಮುಂಚೆ ಅವರ ಜೆಯೊಮೆತ್ರಾ ತಪ್ಪು ಹಿಡಿದು ಫೋನ್ ಮಾಡಿದ್ರು, ನನ್ನ ಕಿವಿ ಬಿಸಿ ಆಗಿದ್ದು ಇನ್ನೂ ನೆನಪಿದೆ. (ಜೆಯೊಮೆತ್ರಾ ಅಂದ್ರೆ ರೇಖಾಗಣಿತದ ಮೇಷ್ಟ್ರಲ್ಲ. ಸರ್ವೆಯರ್ರು, ಡ್ರಾಫ್ಟ್ಸ್‌ಮನ್ನು, ಕಚೇರಿ ಕೆಲಸ ಮಾಡಿಸೋರು ಮೂರೂ ಒಬ್ರೇ, ಇಂಗ್ಲಿಷಲ್ಲಿ ಸರ್ವೆಯರ್ ಅಂದ್ರೆ ಮುಕ್ಕಾಲು ಬರುತ್ತೆ.)

ಈಗ ನಾನು ‘ಪ್ರಾವಿಷನಲಿ ಅಪ್ರೂವ್ಡ್ ಬೈ ದ ಕೌನ್ಸಿಲ್, ನಾಟ್ ಯೆಟ್ ಇನ್ ಫೋರ್ಸ್’ ಅಂತ ಬರೀತೀನಿ, ಪಕ್ಕದಲ್ಲಿ ಸಲ್ವಗ್ವಾರ್ದಿಯಾ ಬಗ್ಗೆ ಒಂದು ಸಾಲು. ಈ ಪದ ನನಗೆ ಸಿಕ್ಕಿದ್ದು ಲಂಡನ್ ಪುಸ್ತಕದಲ್ಲಲ್ಲ. ನಮ್ಮ 1961ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೇಲೇ ಮಾಸ್ಟರ್ ಪ್ಲಾನಿಗೆ ಮೊದಲು ಪ್ರಾವಿಷನಲ್ ಅಪ್ರೂವಲ್, ಜನರ ಆಕ್ಷೇಪಣೆ ಆದ್ಮೇಲೆ ಫೈನಲ್ ಅಂತ ಎರಡು ಮೆಟ್ಟಿಲಿದೆ. ಕಾನೂನು ಬೇರೆ, ಪರಿಣಾಮನೂ ಪೂರ್ತಿ ಒಂದೇ ಅಲ್ಲ, ಆದ್ರೆ ಓದಿದವರಿಗೆ ಇನ್ನೊಂದು ಮೆಟ್ಟಿಲು ಬಾಕಿ ಇದೆ ಅಂತ ತಕ್ಷಣ ಗೊತ್ತಾಗುತ್ತೆ, ನನಗೆ ಬೇಕಿದ್ದಿದ್ದು ಅಷ್ಟೇ.

ಇನ್ನು ಲೆಕ್ಕ. ಈ ಎ ಯಿಂದ ಎಫ್ ವರೆಗಿನ ವಲಯಗಳು 1968ರ ಏಪ್ರಿಲ್ 2ರ ಒಂದು ಮಂತ್ರಿ ಆದೇಶದಿಂದ ಬಂದಿದ್ದು, ನಂಬರ್ 1444. ಅದ್ರಲ್ಲಿ ‘ಇ’ ವಲಯದಲ್ಲಿ ವಾಸದ ಮನೆಗೆ ಗರಿಷ್ಠ ಚದರ ಮೀಟರಿಗೆ 0.03 ಘನ ಮೀಟರ್ ಅಂತ ಇದೆ. ಹೌದು, ಘನ ಮೀಟರ್ರೇ, ಅಲ್ಲಿ ಹಳೇ ಪ್ಲಾನುಗಳು ಕಟ್ಟಡವನ್ನ ನೆಲದಿಂದ ಅಳೆಯಲ್ಲ, ಗಾತ್ರದಿಂದ ಅಳೆಯುತ್ತೆ. ಒಂದು ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹತ್ರ ಹತ್ರ ಎರಡೂವರೆ ಎಕರೆ, ಅಂದ್ರೆ 10,000 ಚದರ ಮೀಟರ್. ಅದಕ್ಕೆ 300 ಘನ ಮೀಟರ್, ಮೂರು ಮೀಟರ್ ಎತ್ತರ ಅಂತ ಹಿಡಿದ್ರೆ 100 ಚದರ ಮೀಟರಿನ ಒಂದು ಅಂತಸ್ತಿನ ಮನೆ. ಎಫ್‌ಎಆರ್, ಅಂದ್ರೆ ಜಮೀನಿನ ವಿಸ್ತೀರ್ಣಕ್ಕೆ ಕಟ್ಟಡದ ನೆಲ ಎಷ್ಟು ಪಾಲು ಅನ್ನೋ ಲೆಕ್ಕ, ಅಂತ ಬರೆದು ಅದೇ ನಂಬರ್ ಇಟ್ರೆ ಅದೇ ಜಮೀನಲ್ಲಿ 300 ಚದರ ಮೀಟರ್ ಬಂಗಲೆ ಎದ್ದು ನಿಲ್ಲುತ್ತೆ, ಕಾಗದದ ಮೇಲೆ. ಇದರ ಜೊತೆ ಇನ್ನೊಂದು ಕಾಟ, ಇಟಲಿಯವರು ಹತ್ತು ಸಾವಿರಕ್ಕೆ ಚುಕ್ಕೆ ಹಾಕ್ತಾರೆ, ದಶಮಾಂಶಕ್ಕೆ ಕಾಮಾ ಹಾಕ್ತಾರೆ, ಅವರ 10.000ನ ಹಾಗೇ ಬಿಟ್ರೆ ಇಂಗ್ಲಿಷ್ ಓದುಗನಿಗೆ ಹತ್ತು ಚದರ ಮೀಟರ್ ಜಮೀನು.

ಈ 0.03 ಥರದ ನಂಬರಿಗೆ ಸೂಚ್ಯಂಕ ಅಂತಾರೆ, ಅದ್ರಲ್ಲೂ ಎರಡು ಜಾತಿ, ‘ತೆರ್ರಿತೊರಿಯಾಲೆ’ ಅಂದ್ರೆ ರಸ್ತೆ ಪಾರ್ಕು ಎಲ್ಲಾ ಸೇರಿದ ಇಡೀ ಪ್ರದೇಶದ ಮೇಲೆ, ‘ಫೊಂದಿಯಾರಿಯೊ’ ಅಂದ್ರೆ ಅದೆಲ್ಲಾ ಕಳೆದು ಉಳಿದ ಸೈಟಿನ ಮೇಲೆ. ನಾನು ಗ್ರಾಸ್ ಮತ್ತೆ ನೆಟ್ ಅಂತ ಬರೀತೀನಿ. ಟೆರಿಟೋರಿಯಲ್ ಅಂತ ಬರೆದ ಅನುವಾದ ಓದಿದ್ರೆ ಯುದ್ಧ ನಡೀತಿದೆ ಅನ್ಸುತ್ತೆ. 2016ರಲ್ಲಿ ಕೇಂದ್ರ ಸರ್ಕಾರ, ನಮ್ಮ ರಾಜ್ಯಗಳ ಥರದ ಅಲ್ಲಿನ ಪ್ರದೇಶಗಳು, ಕೊಮುನೆಗಳು ಕೂತು ಇಡೀ ದೇಶಕ್ಕೆ ಒಂದೇ ಥರದ 42 ವ್ಯಾಖ್ಯೆ ಒಪ್ಪಿಕೊಂಡ್ರು, ಮೊದಲ ಎರಡೇ ಈ ಎರಡು ವಿಸ್ತೀರ್ಣ. ಗೊಂದಲ ಅಲ್ಲಿನವರಿಗೂ ಇತ್ತು ಅಂತಾಯ್ತು.

ಸಣ್ಣ ಪುಟ್ಟವು ಬೇಗ ಹೇಳ್ಬಿಡ್ತೀನಿ. ‘ಸ್ತಾಂದರ್ದ್’ ಅಂದ್ರೆ ಗುಣಮಟ್ಟ ಅಲ್ಲ, ಸ್ಕೂಲು, ಪಾರ್ಕು, ಪಾರ್ಕಿಂಗಿಗೆ ತಲೆಗೆ ಇಷ್ಟು ಅಂತ ಬಿಡೋ ಜಾಗ, ಅದೇ 1968ರ ಆದೇಶದಲ್ಲಿ ಒಬ್ಬ ನಿವಾಸಿಗೆ ಕನಿಷ್ಠ 18 ಚದರ ಮೀಟರ್, ನಮ್ಮ ಸಿಎ (ಸಿವಿಕ್ ಅಮೆನಿಟಿ) ಸೈಟಿನ ದಾಯಾದಿ ಅನ್ನಿ. ‘ಉರ್ಬನಿಝಟ್ಸಿಯೋನೆ’ ಅಂದ್ರೆ ನಗರೀಕರಣ ಅಲ್ಲ, ರಸ್ತೆ, ನೀರು, ಒಳಚರಂಡಿ, ಲೈಟು. ಅದಕ್ಕೆ ಬಿಲ್ಡರ್ ಕಟ್ಟೋ ದುಡ್ಡನ್ನ ಅರ್ಬನೈಸೇಷನ್ ಚಾರ್ಜಸ್ ಅನ್ನಬೇಡಿ, ಡೆವಲಪ್‌ಮೆಂಟ್ ಚಾರ್ಜ್ ಅನ್ನಿ. ‘ಫಾಶಾ ದಿ ರಿಸ್ಪೆತ್ತೊ’ನ ರೆಸ್ಪೆಕ್ಟ್ ಝೋನ್ ಅಂತ ಮಾಡಿದ್ದು ಎಷ್ಟು ಸಲ ನೋಡಿದೀನೋ, ಸ್ಮಶಾನದ ಸುತ್ತ 200 ಮೀಟರ್ ಕಟ್ಟಡ ಕಟ್ಟದೆ ಬಿಡೋ ಪಟ್ಟಿ ಅದು, ಓದಿದವರು ಅಲ್ಲಿ ಮೆಲ್ಲಗೆ ಮಾತಾಡ್ಬೇಕೇನೋ ಅಂದ್ಕೊಂತಾರೆ. ಕೆರೆ ಕೇಸುಗಳ ಪುಣ್ಯದಿಂದ ಬೆಂಗಳೂರಿನವರಿಗೆ ಬಫರ್ ಅಂದ್ರೆ ಸಾಕು.

ಕಟ್ಟಡದ ಅನುಮತಿಗೂ ಕಾಲಕ್ಕೊಂದು ಹೆಸರು. ಮೊದಲು ಲಿಚೆಂತ್ಸಾ, 1977ರ ಕಾನೂನಿಂದ ಕೊಂಚೆಸ್ಸಿಯೋನೆ, 2001ರ ಸಂಹಿತೆಯಿಂದ ಪೆರ್ಮೆಸ್ಸೊ. ಮೂರನ್ನೂ ಪ್ಲಾನಿಂಗ್ ಪರ್ಮಿಷನ್ ಅಂತ ಒಂದೇ ಮಾಡೋರಿದಾರೆ, ನಾನು ಮಾಡಲ್ಲ, ಹೆಸರು ನೋಡಿದ್ರೇ ಕಟ್ಟಡ ಯಾವ ಕಾಲದ್ದು ಅಂತ ವಕೀಲರಿಗೆ ಗೊತ್ತಾಗುತ್ತೆ, ಅದನ್ನ ಅಳಿಸೋಕೆ ನಾನ್ಯಾರು.

ಕೊನೇಗೆ ಕೊಂದೊನೊ. ರೂಲು ಮೀರಿ ಕಟ್ಟಿದವರಿಗೆ ದಂಡ ಕಟ್ಟಿಸಿಕೊಂಡು ಸರಿ ಮಾಡಿಕೊಡೋ ಸ್ಕೀಮು, 1985, 1994, 2003, ಮೂರು ಸಲ ಬಂತು. ಇಂಗ್ಲಿಷಲ್ಲಿ ಇದಕ್ಕೆ ಮನೇಲಿ ಹುಟ್ಟಿದ ಪದ ಇಲ್ಲ, ಬಿಲ್ಡಿಂಗ್ ಆಮ್ನೆಸ್ಟಿ ಅಂತಾರೆ, ಕೈದಿಗಳನ್ನ ಬಿಟ್ಟಂಗೆ ಕೇಳ್ಸುತ್ತೆ. ಕನ್ನಡದಲ್ಲಿ ಅಕ್ರಮ-ಸಕ್ರಮ ಅಂದ್ರೆ ಮಗುವಿಗೂ ಗೊತ್ತು. ಆದ್ರೆ ಇದನ್ನ ಅಲ್ಲಿನ ಮಾಮೂಲಿ ‘ಸನತೋರಿಯಾ’ ಜೊತೆ ಕಲಸಬಾರದು, ಅದು ಕಟ್ಟಿದ್ದು ರೂಲ್ ಪ್ರಕಾರನೇ ಇದೆ, ಅನುಮತಿ ತಗೊಂಡಿಲ್ಲ ಅಷ್ಟೇ ಅನ್ನೋರಿಗೆ, ಇಂಥ ಸ್ಕೀಮು ಬರ್ಲಿ ಅಂತ ಕಾಯ್ಬೇಕಿಲ್ಲ. ಎರಡಕ್ಕೂ ಆಮ್ನೆಸ್ಟಿ ಅಂತ ಬರೆದ ಫೈಲುಗಳು ಕೈಗೆ ಬರ್ತಾನೇ ಇರುತ್ತೆ.

ಹೋದ ತಿಂಗಳು ಒಂದು ಹಳ್ಳಿಮನೆ ಫೈಲಲ್ಲಿ ‘ದೊಮಾಂದಾ ದಿ ಕೊಂದೊನೊ ಪ್ರೆಸೆಂತಾತಾ’ ಅಂತಿತ್ತು, ತಾರೀಖು 1986. ನಾನು ‘ಅರ್ಜಿ ಸಲ್ಲಿಸಲಾಗಿದೆ, ಆದೇಶದ ಪ್ರತಿ ಕಡತದಲ್ಲಿಲ್ಲ’ ಅನ್ನೋ ಅರ್ಥದಲ್ಲಿ ಇಂಗ್ಲಿಷ್ ಮಾಡಿ ಕಳಿಸ್ದೆ. ಕೊಳ್ಳೋರಿಂದ ಮೇಲ್ ಬಂತು, 1986 ಅನ್ನೋದು ಟೈಪಿಂಗ್ ಮಿಸ್ಟೇಕ್ ಅಲ್ವಾ ಅಂತ. ಅಲ್ಲ ಅಂದೆ. ಅಲ್ಲಿನ ಕಚೇರೀಲಿ ಕೇಳಿಸಿದ್ರೆ, ಸರದಿ ಇನ್ನೂ ಬಂದಿಲ್ವಂತೆ.